ಮೇಷ್ಟ್ರಿಗೆ ಎಷ್ಟು ಪರ್ಸೆಂಟ್?

ಗುದೈಬಿಯಾದಲ್ಲಿ ವಾಸವಿರುವ ಕಾಲೇಜು ಮೇಷ್ಟ್ರುಗಳಿಗೆ ವರ್ಷಕ್ಕೆ ಎರಡೇ ಸೀಸನ್. ಒಂದು ಬೇಸಿಗೆ ರಜೆಗೆ ಊರಿಗೆ ಹೋಗುವುದು, ಇನ್ನೊಂದು ಕಾಂಟ್ರ್ಯಾಕ್ಟ್ ರಿನ್ಯೂ ಆಗುತ್ತೋ ಇಲ್ವೋ ಅಂತ ಕಾಯುವುದು. ನನಗೆ ಪರಿಚಯದ ಒಬ್ಬರು ಇಲ್ಲಿಂದ ದಿನಾ ಬೆಳಗ್ಗೆ ಒಂದು ಖಾಸಗಿ ಕಾಲೇಜಿಗೆ ಹೋಗಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಾರೆ. ಅವರ ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಅವರ ವಾರ್ಷಿಕ ಮೌಲ್ಯಮಾಪನದ ಹಾಳೆಯಲ್ಲಿ ಒಂದು ಕಾಲಂ ಇದೆ: ನಿಮ್ಮ ತರಗತಿಯಲ್ಲಿ ಪಾಸಾದವರು ಶೇಕಡಾ ಎಷ್ಟು? 85ಕ್ಕಿಂತ ಕೆಳಗೆ ಬಂದರೆ ಪಕ್ಕದಲ್ಲಿ ‘ವಿವರಣೆ’ ಬರೆಯಬೇಕು. ಎರಡು ಸಲ ವಿವರಣೆ ಬರೆದವರ ಕಾಂಟ್ರ್ಯಾಕ್ಟ್ ಸಾಮಾನ್ಯವಾಗಿ ಮುಂದುವರಿಯುವುದಿಲ್ಲ.

ಗಲ್ಫ್‌ನಲ್ಲಿ ಕಾಂಟ್ರ್ಯಾಕ್ಟ್ ಹೋದರೆ ಏನೇನು ಹೋಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ವೀಸಾ, ಅದಕ್ಕೆ ತಗಲಿಕೊಂಡ ಹೆಂಡತಿ-ಮಕ್ಕಳ ವೀಸಾ, ಮಗಳ ಶಾಲೆ, ಬ್ಯಾಂಕಿನ ಸಾಲ, ಎಲ್ಲ ಒಂದೇ ದಾರದಲ್ಲಿ ಪೋಣಿಸಿದ್ದು. ಇಂಥ ದಾರವನ್ನು ಒಂದು ಕಾಲಂಗೆ ಕಟ್ಟಿದ ಮೇಲೆ, ಆ ಕಾಲಂ ತುಂಬಿಸುವ ಕೆಲಸವನ್ನೂ ಅದೇ ಮನುಷ್ಯನಿಗೆ ಕೊಟ್ಟಿದ್ದಾರೆ. ಪ್ರಶ್ನೆಪತ್ರಿಕೆ ಮಾಡೋದು ಅವರೇ, ಉತ್ತರಪತ್ರಿಕೆ ತಿದ್ದೋದೂ ಅವರೇ. ಬೆಕ್ಕನ್ನು ಹಾಲಿನ ಕಾವಲಿಗೆ ಕೂರಿಸಿ, ಸಂಜೆ ಹಾಲು ಎಷ್ಟಿದೆ ಅಂತ ಬೆಕ್ಕನ್ನೇ ಕೇಳಿದ ಹಾಗೆ.

ನಾನು ಹೊಟ್ಟೆಪಾಡಿಗೆ ಡೇಟಾ ನೋಡುವವನು. ಅಂಕಿಗಳ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯೇ ಇದೆ. ಅದಕ್ಕೇ ಈ ಕಾಲಂ ನೋಡಿದರೆ ಮೈ ಉರಿಯುತ್ತೆ. ವಿದ್ಯಾರ್ಥಿಗಳು ಎಷ್ಟು ಜನ ಪಾಸಾದರು ಅನ್ನುವುದರಿಂದ ಮೇಷ್ಟ್ರನ್ನು ಅಳೆಯಲು ಆಗುವುದಿಲ್ಲ. ಅಳೆಯಲು ಹೊರಟರೆ, ಬಲಿಯಾಗುವುದು ಕೆಟ್ಟ ಮೇಷ್ಟ್ರಲ್ಲ, ದುರ್ಬಲ ವಿದ್ಯಾರ್ಥಿ. ನಿಮ್ಮ ಮಗಳೋ ತಮ್ಮನೋ ಯಾವುದೋ ಒಂದು ವಿಷಯದಲ್ಲಿ ದುರ್ಬಲರೇ ಆಗಿರುತ್ತಾರೆ, ಆದ್ದರಿಂದ ಇದು ನಿಮಗೂ ಸಂಬಂಧಪಟ್ಟದ್ದು.

ಮೊದಲು ಊರಿನ ಕಡೆ ನೋಡೋಣ. ಅಲ್ಲಿ ಪ್ರಶ್ನೆಪತ್ರಿಕೆ ಮಾಡುವುದು, ತಿದ್ದಿಸುವುದು ಮಂಡಳಿ. ಹಾಗಾಗಿ ಅಲ್ಲಿನ ಅಂಕಿ ಹೆಚ್ಚು ನಂಬಿಕಸ್ತವಾಗಿರಬೇಕು ಅಲ್ವಾ?

2021ರಲ್ಲಿ ಕರ್ನಾಟಕದ ದ್ವಿತೀಯ ಪಿಯು ಫಲಿತಾಂಶ ಶೇ. 100. ಹೌದು, ನೂರಕ್ಕೆ ನೂರು. ಕೋವಿಡ್ ಕಾರಣಕ್ಕೆ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯ ಅಂಕ, ಪ್ರಥಮ ಪಿಯು ಅಂಕ, ಒಂದಿಷ್ಟು ಆಂತರಿಕ ಅಂಕ ಸೇರಿಸಿ ಫಲಿತಾಂಶ ಕೊಟ್ಟರು. 2,239 ಮಂದಿಗೆ 600ಕ್ಕೆ 600 ಬಂತು. ಮರುವರ್ಷ ಪರೀಕ್ಷೆ ನಡೆಯಿತು, ಫಲಿತಾಂಶ ಶೇ. 61.88. ಪಾಸಿನ ಪ್ರಮಾಣವೇ ಬೋಧನೆಯ ಅಳತೆ ಅನ್ನುವುದಾದರೆ, ಕರ್ನಾಟಕದ ಉಪನ್ಯಾಸಕರು ಇತಿಹಾಸದಲ್ಲೇ ಅತ್ಯುತ್ತಮವಾಗಿ ಪಾಠ ಮಾಡಿದ್ದು ಕಾಲೇಜುಗಳಿಗೆ ಬೀಗ ಬಿದ್ದಿದ್ದ ವರ್ಷ.

ಅದು ಮಹಾಮಾರಿಯ ವರ್ಷ, ಲೆಕ್ಕಕ್ಕಿಲ್ಲ ಅಂತೀರಾ? ಸರಿ, ಮಾಮೂಲಿ ವರ್ಷಗಳಿಗೇ ಬನ್ನಿ. ಪಿಯುಗಿಂತ ಒಂದು ಮೆಟ್ಟಿಲು ಕೆಳಗಿನ ಎಸ್ಸೆಸ್ಸೆಲ್ಸಿ ತಗೊಳ್ಳೋಣ, ಯಾಕಂದ್ರೆ ಅಲ್ಲಿ ನಡೆದದ್ದು ನನ್ನಂಥವರಿಗೆ ಸಿಕ್ಕ ಒಂದು ಪುಕ್ಕಟೆ ಪ್ರಯೋಗ. 2023ರಲ್ಲಿ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಮೊದಲ ಬಾರಿಗೆ ವೆಬ್‌ಕಾಸ್ಟಿಂಗ್. ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕ, ಅಂದರೆ ಗ್ರೇಸ್ ಮಾರ್ಕ್ಸ್, ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಮುಂದಿನ ವರ್ಷ ಆ ಧಾರಾಳ ಕೃಪಾಂಕ ತೆಗೆದರು, ಕ್ಯಾಮೆರಾ ಹಾಗೇ ಇಟ್ಟರು. ಮೊದಲ ಪರೀಕ್ಷೆಯ ಫಲಿತಾಂಶ ಶೇ. 62.34. ಎರಡೇ ವರ್ಷದಲ್ಲಿ ಇಪ್ಪತ್ತೊಂದಕ್ಕೂ ಹೆಚ್ಚು ಅಂಶ ಕುಸಿತ. ರಾಜ್ಯದ ಲಕ್ಷಾಂತರ ಶಿಕ್ಷಕರು ಎರಡು ವರ್ಷದಲ್ಲಿ ಒಟ್ಟಿಗೆ ಪಾಠ ಮರೆತುಬಿಟ್ಟರಾ?

ಇನ್ನೂ ಸ್ವಾರಸ್ಯ ಜಿಲ್ಲೆಗಳ ಪಟ್ಟಿಯಲ್ಲಿದೆ. 2023ರಲ್ಲಿ ಚಿತ್ರದುರ್ಗ ಶೇ. 96.80ರೊಂದಿಗೆ ರಾಜ್ಯಕ್ಕೇ ಮೊದಲು. ಕ್ಯಾಮೆರಾ ಬಂದ ವರ್ಷ ಅದು ಇಪ್ಪತ್ತರ ಆಚೆಗೆ ಜಾರಿತು. 2023ರಲ್ಲಿ ಮೊದಲ ಹತ್ತರಲ್ಲೂ ಇಲ್ಲದಿದ್ದ ಉಡುಪಿ ಶೇ. 94 ಪಡೆದು ಮೊದಲಾಯಿತು, ದಕ್ಷಿಣ ಕನ್ನಡ ಎರಡನೆಯದು. (ಬಹ್ರೈನ್‌ನಲ್ಲಿರುವ ಕರಾವಳಿಯವರು ಈಗಲೇ ಹಿಗ್ಗಬೇಡಿ, ನಿಮ್ಮ ಸರದಿ ಮುಂದೆ ಬರುತ್ತೆ.) 2023ರ ಜೂನ್‌ನಲ್ಲಿ ಯಾರಾದರೂ ಅಧಿಕಾರಿ ಈ ಪಟ್ಟಿ ಹಿಡಿದುಕೊಂಡು ಶಿಕ್ಷಕರಿಗೆ ಬಹುಮಾನ, ಶಿಕ್ಷೆ ಹಂಚಿದ್ದರೆ ಏನಾಗುತ್ತಿತ್ತು ಯೋಚಿಸಿ. ಒಂದು ಕ್ಯಾಮೆರಾ ಹಾಕಿದ್ದಕ್ಕೆ ತಲೆಕೆಳಗಾಗುವ ಪಟ್ಟಿ ಅದು.

ಇದೆಲ್ಲ ಹಳೆಯ ಕಥೆ ಅನ್ನುವವರಿಗೆ ಹೊಸತೊಂದಿದೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ಎರಡರಲ್ಲೂ ಪಾಸಿನ ಗೆರೆಯನ್ನು ಶೇ. 35ರಿಂದ 33ಕ್ಕೆ ಇಳಿಸಿತು. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಆದರೆ ಕಳೆದ ವರ್ಷದ ಹಾಗೇ ಪಾಠ ಮಾಡಿ, ಕಳೆದ ವರ್ಷದಷ್ಟೇ ಅಂಕ ತೆಗೆಸಿದ ಉಪನ್ಯಾಸಕಿಯ ‘ಸಾಧನೆ’ ಒಂದು ಸರ್ಕಾರಿ ಆದೇಶದಿಂದ ಮೇಲೇರುತ್ತೆ ಅನ್ನೋದು ಮಾತ್ರ ಖಾತ್ರಿ.

ಒಂದು ತರಗತಿಯಲ್ಲಿ ಎಷ್ಟು ಜನ ಪಾಸಾಗುತ್ತಾರೆ ಅನ್ನುವುದನ್ನು ನಿರ್ಧರಿಸುವವರ ಸಾಲು ಉದ್ದವಿದೆ. ಒಳಗೆ ಬಂದವರು ಯಾರು, ಅವರು ಹಿಂದೆ ಏನು ಕಲಿತಿದ್ದರು, ಏನು ಕೇಳಿದರು, ಯಾರು ತಿದ್ದಿದರು, ಕೊಠಡಿಯಲ್ಲಿ ಯಾರು ಕಣ್ಣಿಟ್ಟಿದ್ದರು, ಗೆರೆ ಎಲ್ಲಿ ಎಳೆದರು. ಮೇಷ್ಟ್ರು ಆ ಸಾಲಿನಲ್ಲಿ ಇದ್ದಾರೆ, ಆದರೆ ಹಿಂದೆ ಎಲ್ಲೋ ನಿಂತಿದ್ದಾರೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಈ ಬಗ್ಗೆ ಒಂದು ಹೇಳಿಕೆ ಹೊರಡಿಸಿತ್ತು. ವಿದ್ಯಾರ್ಥಿಗಳ ಅಂಕಗಳಲ್ಲಿ ಕಾಣುವ ಏರುಪೇರಿನಲ್ಲಿ ಶಿಕ್ಷಕರ ಪಾಲು ಶೇ. 1ರಿಂದ 14ರವರೆಗೆ ಮಾತ್ರ ಅಂತ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ ಅನ್ನುವುದು ಅದರಲ್ಲಿದ್ದ ಮಾತು. ಅದೂ ಮಕ್ಕಳ ಹಿನ್ನೆಲೆಯನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂಕ್ಷ್ಮ ಮಾಡೆಲ್‌ಗಳ ಬಗ್ಗೆ. ನಮ್ಮ ಕಾಲಂನಲ್ಲಿ ಮಾಡೆಲ್ಲೂ ಇಲ್ಲ ಮಣ್ಣೂ ಇಲ್ಲ, ಒಂದು ಭಾಗಾಕಾರ ಅಷ್ಟೇ.

ಆ ಭಾಗಾಕಾರದಲ್ಲಿ ಅದೃಷ್ಟದ ಪಾಲು ಎಷ್ಟು ಅಂತ ನೀವೇ ಲೆಕ್ಕ ಹಾಕಬಹುದು. ನೂರು ಉಪನ್ಯಾಸಕರು ಇದ್ದಾರೆ ಅಂದುಕೊಳ್ಳಿ. ನೂರೂ ಜನ ಒಂದೇ ಅಚ್ಚಿನಿಂದ ತೆಗೆದ ಹಾಗೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರತಿಯೊಬ್ಬರ ತರಗತಿಯಲ್ಲಿ 20 ವಿದ್ಯಾರ್ಥಿಗಳು, ಪ್ರತಿ ವಿದ್ಯಾರ್ಥಿಗೂ ಪಾಸಾಗುವ ಸಾಧ್ಯತೆ ಶೇ. 70. ಈಗ ಪರೀಕ್ಷೆ ನಡೆಸಿ. ಸುಮಾರು 11 ಉಪನ್ಯಾಸಕರ ಫಲಿತಾಂಶ 60ಕ್ಕಿಂತ ಕೆಳಗೆ ಬೀಳುತ್ತೆ. ಇನ್ನೊಂದು 11 ಜನರದ್ದು 85 ಮುಟ್ಟುತ್ತೆ ಅಥವಾ ದಾಟುತ್ತೆ. ಇವರೆಲ್ಲ ಒಬ್ಬರ ಹಾಗೆ ಒಬ್ಬರು ಅಂತ ನಮಗೆ ಗೊತ್ತು, ನಾವೇ ಹಾಗೆ ಮಾಡಿದ್ದು. ಆದರೆ ಪ್ರಿನ್ಸಿಪಾಲರಿಗೆ ಗೊತ್ತಿಲ್ಲ. ಅವರು ಕೆಳಗಿನ 11 ಜನಕ್ಕೆ ನೋಟಿಸ್ ಕೊಡ್ತಾರೆ, ಮೇಲಿನ 11 ಜನಕ್ಕೆ ಶಾಲು ಹೊದಿಸ್ತಾರೆ.

ಮರುವರ್ಷ ಏನಾಗುತ್ತೆ ಗೊತ್ತಾ? ನೋಟಿಸ್ ತಿಂದ 11 ಜನರಲ್ಲಿ ಹತ್ತು ಜನ ಆ ಗುಂಡಿಯಿಂದ ಹೊರಗೆ ಬಂದಿರ್ತಾರೆ, ಏನೂ ಮಾಡದೆ, ಬರೀ ದಾಳ ಮತ್ತೊಮ್ಮೆ ಉರುಳಿದ್ದಕ್ಕೆ. ಶಾಲು ಹೊದ್ದವರಲ್ಲಿ ಹತ್ತು ಜನ ಕೆಳಗೆ ಇಳಿದಿರ್ತಾರೆ. ಪ್ರಿನ್ಸಿಪಾಲರು ಇದರಿಂದ ಕಲಿಯುವ ಪಾಠ: ಬೈದರೆ ಸರಿಹೋಗ್ತಾರೆ, ಹೊಗಳಿದರೆ ಹಾಳಾಗ್ತಾರೆ. ಎಷ್ಟು ಆಡಳಿತ ಮಂಡಳಿಗಳು ಈ ‘ಅನುಭವ’ದ ಮೇಲೆ ನಡೀತಿವೆ ಅಂತ ನೆನೆದರೆ ನಗು ಬರುತ್ತೆ, ಆಮೇಲೆ ಬರಲ್ಲ. ತರಗತಿಯಲ್ಲಿ 20ರ ಬದಲು 200 ಜನ ಇದ್ದರೆ ಈ ಅದೃಷ್ಟದಾಟ ಬಹಳ ಕಡಿಮೆಯಾಗುತ್ತೆ, ನಿಜ. ಆದರೆ ಗಲ್ಫ್‌ನ ಸಣ್ಣ ಖಾಸಗಿ ಕಾಲೇಜಿನಲ್ಲಿ ಒಂದು ಸೆಕ್ಷನ್‌ಗೆ 200 ಜನ ಎಲ್ಲಿಂದ ಬರಬೇಕು?

ಇಷ್ಟು ಹೊತ್ತು ಹೇಳಿದ್ದು ಆ ಅಂಕಿ ಕುರುಡು ಅಂತ. ಕುರುಡಾಗಿದ್ದರೆ ಪರವಾಗಿರಲಿಲ್ಲ, ಹೇಗೋ ಸಹಿಸಬಹುದಿತ್ತು. ಅದು ತಪ್ಪು ದಾರಿ ತೋರಿಸುತ್ತೆ, ಅದೇ ನನ್ನ ದೊಡ್ಡ ತಕರಾರು. ಎರಡು ತರಗತಿ ಕಲ್ಪಿಸಿಕೊಳ್ಳಿ. ಒಂದರಲ್ಲಿ ಮೇಷ್ಟ್ರು ತಿಂಗಳಿಗೆ ನಾಲ್ಕು ದಿನ ಬಂದು, ಕೊನೆ ವಾರದಲ್ಲಿ ‘ಇಂಪಾರ್ಟೆಂಟ್’ ಅಂತ ಹತ್ತು ಪ್ರಶ್ನೆ ಬರೆಸಿ, ಅದರಲ್ಲೇ ಎಂಟು ಕೇಳುತ್ತಾರೆ. ಇನ್ನೊಂದರಲ್ಲಿ ಸೆಮಿಸ್ಟರ್ ಪೂರ್ತಿ ಬೆವರು ಹರಿಸಿ, ಹಿಂದಿನ ವರ್ಷ ಬಿಟ್ಟುಹೋದ ಬೀಜಗಣಿತವನ್ನೂ ಕಲಿಸಿ, ಕೊನೆಗೆ ಯಾರೂ ನೋಡಿರದ ಪ್ರಶ್ನೆ ಕೇಳುತ್ತಾರೆ. ಮೊದಲನೆಯವರದ್ದು ಶೇ. 100. ಎರಡನೆಯವರು ‘ವಿವರಣೆ’ ಬರೀತಾ ಕೂತಿರ್ತಾರೆ. ಸೋಮಾರಿಗಳನ್ನು ಹಿಡಿಯಲು ಹಾಕಿದ ಬಲೆ ಇದು ಅಂತಾರೆ. ಸೋಮಾರಿ ಮಾತ್ರ ಅದರಲ್ಲಿ ಬೀಳೋದೇ ಇಲ್ಲ.

ಇದು ನನ್ನ ಕಲ್ಪನೆ ಅಷ್ಟೇ ಅಲ್ಲ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅನ್ನುವ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ನಡೆದದ್ದು ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ. ಅಲ್ಲಿ ಯಾವ ವಿದ್ಯಾರ್ಥಿ ಯಾವ ಪ್ರೊಫೆಸರ್ ಹತ್ತಿರ ಕಲಿಯಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ, ಎಲ್ಲ ಸೆಕ್ಷನ್‌ಗೂ ಒಂದೇ ಪ್ರಶ್ನೆಪತ್ರಿಕೆ. ಡೇಟಾ ಮಂದಿಗೆ ಇಂಥದ್ದು ಸಿಕ್ಕರೆ ಹಬ್ಬ. ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಅವರು ಹಿಂಬಾಲಿಸಿದರು. ಆರಂಭದ ಕ್ಯಾಲ್ಕ್ಯುಲಸ್‌ನಲ್ಲಿ ಕಡಿಮೆ ಅನುಭವದ ಪ್ರೊಫೆಸರ್‌ಗಳ ವಿದ್ಯಾರ್ಥಿಗಳು ಆ ಕೋರ್ಸಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು, ಅವರಿಗೆ ಒಳ್ಳೆ ರೇಟಿಂಗ್ ಕೂಡ ಕೊಟ್ಟರು. ಆಮೇಲೆ ಬರುವ, ಆ ಕ್ಯಾಲ್ಕ್ಯುಲಸ್ ಮೇಲೇ ನಿಂತಿರುವ ಮುಂದಿನ ಕೋರ್ಸುಗಳಲ್ಲಿ ಚಿತ್ರ ತಿರುಗಿಬಿತ್ತು. ಹೆಚ್ಚು ಓದಿದ, ಹೆಚ್ಚು ಅನುಭವದ ಪ್ರೊಫೆಸರ್‌ಗಳ ಕೈಯಲ್ಲಿ ಪಳಗಿದವರು ಮುಂದೆ ಹೋದರು. ಅವರೇ ಮೊದಲ ಪರೀಕ್ಷೆಯಲ್ಲಿ ಹಿಂದೆ ಇದ್ದವರು! ಮೊದಲ ಪರೀಕ್ಷೆಯ ಅಂಕ ಹಿಡಿದು ಮೇಷ್ಟ್ರನ್ನು ಆರಿಸಿದ್ದರೆ, ಅಕಾಡೆಮಿ ಉಳಿಸಿಕೊಳ್ಳಬೇಕಾದವರನ್ನೇ ಮನೆಗೆ ಕಳಿಸುತ್ತಿತ್ತು.

ಈಗ ಆ ಕೆಟ್ಟ ಅಂಕಿಯ ಕೆಳಗೆ ಕೂತ ವಿದ್ಯಾರ್ಥಿಯನ್ನು ನೋಡಿ. ಮೇಷ್ಟ್ರು ಕೆಟ್ಟವರಲ್ಲ, ಹೆದರಿದವರು. ಹೆದರಿದ ಮನುಷ್ಯ ಲೆಕ್ಕ ಹಾಕುತ್ತಾನೆ. 60 ತೆಗೆಯುವವನು ಹೇಗೂ ಪಾಸ್, ಅವನ ಮೇಲೆ ಸಮಯ ಹಾಕಿ ಪ್ರಯೋಜನ ಇಲ್ಲ. 12 ತೆಗೆಯುವವಳು ಏನು ಮಾಡಿದರೂ ಫೇಲ್, ಅವಳ ಮೇಲೆ ಹಾಕಿದ ಸಮಯವೂ ದಂಡ. 28ರಿಂದ 34ರ ನಡುವೆ ಇರೋ ಐದಾರು ಜನ ಇದ್ದಾರಲ್ಲ, ಮೇಷ್ಟ್ರ ಇಡೀ ಸೆಮಿಸ್ಟರ್ ಅವರದು. ಆ 12ರ ಹುಡುಗಿಗೆ ಹೇಳುವ ಬುದ್ಧಿವಾದ ಎಲ್ಲ ದೇಶದಲ್ಲೂ ಒಂದೇ: ‘ಈ ವಿಷಯ ನಿನಗೆ ಕಷ್ಟ, ಡ್ರಾಪ್ ಮಾಡು. ಪ್ರೈವೇಟ್ ಆಗಿ ಕಟ್ಟು. ಬೇರೆ ಕಾಲೇಜು ನೋಡು.’ ಅವಳು ಹೋದ ಕೂಡಲೇ ಪರ್ಸೆಂಟ್ ಏರುತ್ತೆ. ಅವಳಿಗೆ ಅಲ್ಲಿ ಒಂದಕ್ಷರ ಕಲಿಸಿಲ್ಲ, ಆದರೂ ಕಾಲೇಜಿನ ಫ್ಲೆಕ್ಸ್‌ಗೆ ಅವಳದ್ದೂ ಕಾಣಿಕೆ ಇದೆ, ಬಿಟ್ಟುಹೋಗಿದ್ದರಿಂದ.

ಕರಾವಳಿಯವರೇ, ನಿಮ್ಮ ಸರದಿ ಅಂದೆನಲ್ಲ, ಇದೇ ಅದು. ನಮ್ಮ ಬಹುಪಾಲು ಗಲ್ಫ್ ಕುಟುಂಬಗಳು ಹತ್ತು ಮುಗಿಸಿದ ಮಕ್ಕಳನ್ನು ಊರಿನ ಪಿಯು ಕಾಲೇಜಿಗೆ ಕಳಿಸುತ್ತವೆ. ಮೊದಲು ನೋಡೋದು ಫಲಿತಾಂಶ. 95 ಬಂದವರಿಗೆ ಮಾತ್ರ ಸೀಟು ಕೊಡುವ ಕಾಲೇಜು ಶೇ. 100 ತೆಗೆಯೋದು ಯಾವ ಪವಾಡ? ಅದು ಪಾಠದ ಫಲಿತಾಂಶವೋ ಅಡ್ಮಿಶನ್ ಕೌಂಟರಿನ ಫಲಿತಾಂಶವೋ? ಅದೇ ಊರಿನ ಸರ್ಕಾರಿ ಕಾಲೇಜು, ಯಾರೂ ಬೇಡ ಅಂದವರನ್ನು ಸೇರಿಸಿಕೊಂಡು ನೂರಕ್ಕೆ ಅರವತ್ತು ಜನರನ್ನು ದಡ ಸೇರಿಸಿದರೆ ಅದಕ್ಕೆ ಕಾರಣ ಕೇಳಿ ನೋಟಿಸ್. ಇನ್ನು 2025ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 42.43ರೊಂದಿಗೆ ಕೊನೆಯಲ್ಲಿ ನಿಂತ ಕಲಬುರಗಿಯಂಥ ಜಿಲ್ಲೆಗೆ, ಅಲ್ಲಿನ ಪರ್ಸೆಂಟ್ ತಲೆ ಮೇಲೆ ಹೊತ್ತುಕೊಳ್ಳಬೇಕು ಅಂತ ಗೊತ್ತಿದ್ದೂ, ಯಾವ ಒಳ್ಳೆಯ ಮೇಷ್ಟ್ರು ವರ್ಗಾವಣೆ ಕೇಳಿಕೊಂಡು ಹೋಗ್ತಾರೆ? ಅತಿ ಹೆಚ್ಚು ಬೇಕಾದ ಕಡೆಗೆ ಒಳ್ಳೆಯವರು ಹೋಗದ ಹಾಗೆ ಕಟ್ಟಿದ ಬೇಲಿ ಇದು.

ಇದನ್ನು ಯಾರೂ ಮೊದಲು ಮಾಡಿ ನೋಡಿಲ್ಲ ಅಂದುಕೊಳ್ಳಬೇಡಿ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಅನ್ನುವ ಮಂತ್ರಿ ಶಾಲೆಗಳಿಗೆ ಕೊಡುವ ಹಣವನ್ನು ಮಕ್ಕಳ ಪರೀಕ್ಷೆಗೆ ಕಟ್ಟಿದ. ಇನ್‌ಸ್ಪೆಕ್ಟರ್ ಬಂದು ಓದಿಸಿ, ಬರೆಸಿ, ಲೆಕ್ಕ ಮಾಡಿಸಿ, ಪಾಸಾದ ತಲೆಗೆ ಇಷ್ಟು ಅಂತ ಅನುದಾನ. ಶಾಲೆಗಳು ಪರೀಕ್ಷೆಗೆ ಇಲ್ಲದ್ದನ್ನು ಕಲಿಸೋದು ಬಿಟ್ಟವು, ಪುಸ್ತಕವನ್ನೇ ಬಾಯಿಪಾಠ ಮಾಡಿಸಿದವು. ಕವಿ ಮ್ಯಾಥ್ಯೂ ಆರ್ನಲ್ಡ್ ಆಗ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ, ವರ್ಷಾನುಗಟ್ಟಲೆ ಇದನ್ನು ವಿರೋಧಿಸಿ ಬರೆದ. ಮೂರು ದಶಕಕ್ಕೂ ಹೆಚ್ಚು ಕಾಲ ಎಳೆದಾಡಿ ಕೊನೆಗೆ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಅದು ಹಡಗು ಹತ್ತಿ ಭಾರತಕ್ಕೂ ಬಂದಿತ್ತು, ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತ್ಯಗಳಲ್ಲಿ ಜಾರಿಯಲ್ಲಿತ್ತು. ಅಂದರೆ ಅಂದಿನ ಮಂಗಳೂರು, ಧಾರವಾಡ ಎರಡೂ ಅದರ ರುಚಿ ನೋಡಿವೆ. 1882ರಲ್ಲಿ ನೇಮಕವಾದ ಹಂಟರ್ ಆಯೋಗ ಕಾಲೇಜುಗಳ ಅನುದಾನದ ಬಗ್ಗೆ ಹೇಳಿದ್ದೇನು? ಸಿಬ್ಬಂದಿ ಎಷ್ಟಿದ್ದಾರೆ, ಖರ್ಚು ಎಷ್ಟು, ಸಂಸ್ಥೆ ಎಷ್ಟು ದಕ್ಷ, ಆ ಪ್ರದೇಶದ ಅಗತ್ಯ ಏನು, ಇವನ್ನು ನೋಡಿ ಕೊಡಿ ಅಂತ. ಬ್ರಿಟಿಷ್ ಆಡಳಿತಕ್ಕೆ ಅಂದು ಹೊಳೆದ ‘ಆ ಪ್ರದೇಶದ ಅಗತ್ಯ’ ಇಂದಿನ ಎಕ್ಸೆಲ್ ಹಾಳೆಯಲ್ಲಿ ಕಾಲಂ ಆಗಿ ಕೂಡ ಉಳಿದಿಲ್ಲ.

ಇನ್ನು ಬೆದರಿಕೆ ಜಾಸ್ತಿಯಾದರೆ ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ ಅಟ್ಲಾಂಟಾ ಇದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರೇ ಕೂತು ಮಕ್ಕಳ ತಪ್ಪು ಉತ್ತರ ಅಳಿಸಿ ಸರಿ ಗುರುತು ಹಾಕಿದ್ದರು. 2011ರ ತನಿಖಾ ವರದಿ 44 ಶಾಲೆಗಳ 178 ಮಂದಿಯನ್ನು ಹೆಸರಿಸಿತು. 2015ರಲ್ಲಿ 11 ಜನರ ಮೇಲೆ ಅಪರಾಧ ಸಾಬೀತಾಯಿತು. ಅಳಿಸಿದ ಗುರುತುಗಳನ್ನು ಎಣಿಸಿ ಹಿಡಿದದ್ದು ನಮ್ಮ ಕಸುಬಿನವರ ಕೆಲಸ ಅಂತ ಒಂದು ಸಣ್ಣ ಹೆಮ್ಮೆ ನನಗೆ. ಆದರೆ ನಿಜವಾದ ನಷ್ಟ ಜೈಲಿನದ್ದಲ್ಲ. ಕಾಗದದ ಮೇಲೆ ಪಾಸಾಗಿದ್ದ ಆ ಮಕ್ಕಳಿಗೆ ಸಹಾಯ ಬೇಕು ಅಂತ ಯಾರಿಗೂ ಕಾಣಿಸಲಿಲ್ಲ.

ಹಾಗಾದರೆ ಮೇಷ್ಟ್ರನ್ನು ಯಾರೂ ಕೇಳಬಾರದಾ, ಅಂತ ನೀವು ಕೇಳ್ತೀರಿ. ಕೇಳಲೇಬೇಕು. ಪಾಠಕ್ಕೆ ಬಾರದ ಮೇಷ್ಟ್ರುಗಳು ಇದ್ದಾರೆ, ಮೂವತ್ತು ವರ್ಷ ಹಳೆಯ ನೋಟ್ಸ್ ಓದುವವರು ಇದ್ದಾರೆ, ಫೀಸು ಕಟ್ಟಿದ ವಿದ್ಯಾರ್ಥಿಗೆ ಅವರ ಮೇಲೆ ದೂರು ಹೇಳುವ ಹಕ್ಕಿದೆ. ಆದರೆ ಅದಕ್ಕೆ ತರಗತಿಯ ಒಳಗೆ ಹೋಗಿ ಕೂರಬೇಕು. ಕಷ್ಟದ ಕೆಲಸ, ಆದ್ದರಿಂದಲೇ ಯಾರಿಗೂ ಬೇಡ. ಬಹ್ರೈನ್‌ನಲ್ಲೇ ಈ ಕೆಲಸ ಮಾಡುವ ಸರ್ಕಾರಿ ಸಂಸ್ಥೆ ಇದೆ, 2008ರಲ್ಲಿ ಶುರುವಾದ ಶಿಕ್ಷಣ ಮತ್ತು ತರಬೇತಿ ಗುಣಮಟ್ಟ ಪ್ರಾಧಿಕಾರ. ಅದು ಶಾಲೆಗಳ ಮೇಲೆ ಬರೆಯುವ ವರದಿಗಳು ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ, ನಿಮ್ಮ ಮಕ್ಕಳ ಶಾಲೆಯದ್ದೂ ಇರಬಹುದು, ಓದಿ. ಅಲ್ಲಿ ಪಾಸಾದವರ ಪ್ರಮಾಣ ಒಂದು ಕಡೆ, ಚೆನ್ನಾಗಿ ಕಲಿತು ಮೇಲಿನ ಮಟ್ಟ ಮುಟ್ಟಿದವರ ಪ್ರಮಾಣ ಇನ್ನೊಂದು ಕಡೆ ಬರೆಯುತ್ತಾರೆ. ಆಮೇಲೆ ಪರಿಶೀಲಕರು ತರಗತಿಗಳಲ್ಲಿ ಕೂತು ನೋಡಿದ್ದಕ್ಕೂ ಈ ಅಂಕಿಗೂ ತಾಳೆ ಆಗುತ್ತಾ ಅಂತ ನೋಡುತ್ತಾರೆ. ಪಾಸಿನ ಅಂಕಿ ಅಲ್ಲಿ ಸಾಕ್ಷಿ ಮಾತ್ರ, ತೀರ್ಪು ಅಲ್ಲ. ಪರಿಪೂರ್ಣ ಅಂತ ನಾನು ಹೇಳ್ತಿಲ್ಲ. ಆದರೆ ಇದೇ ದ್ವೀಪದಲ್ಲಿ ಇಷ್ಟು ಪರಿಜ್ಞಾನ ಇರುವಾಗ, ಕಾಂಟ್ರ್ಯಾಕ್ಟ್ ನಿರ್ಧರಿಸುವ ಕೋಣೆಗೆ ಅದು ಯಾಕೆ ನುಗ್ಗಬಾರದು?

ನನ್ನನ್ನು ಕೇಳಿದರೆ ಕೆಲಸ ಇಷ್ಟೇ. ತಿದ್ದುವವರು ಬೇರೆ ಇರಲಿ, ಉತ್ತರಪತ್ರಿಕೆ ಯಾರ ತರಗತಿಯದ್ದು ಅಂತ ಅವರಿಗೆ ಗೊತ್ತಾಗದಿರಲಿ. ವಿದ್ಯಾರ್ಥಿಗಳು ಒಳಗೆ ಬರುವಾಗ ಎಲ್ಲಿದ್ದರು, ಹೋಗುವಾಗ ಎಲ್ಲಿದ್ದರು ಅಂತ ನೋಡಿ. ಒಂದು ವರ್ಷದ ಇಪ್ಪತ್ತು ಜನರನ್ನಲ್ಲ, ನಾಲ್ಕೈದು ವರ್ಷದ್ದನ್ನು ಕೂಡಿಸಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಮುಂದಿನ ಕೋರ್ಸಿನಲ್ಲಿ ಅವರು ಏನಾದರು ಅಂತ ನೋಡಿ. ಈ ಡೇಟಾ ಪ್ರತಿ ಕಾಲೇಜಿನ ಕಂಪ್ಯೂಟರ್‌ನಲ್ಲಿ ಈಗಾಗಲೇ ಬಿದ್ದಿದೆ, ಹೊಸದಾಗಿ ಒಂದು ದಿನಾರ್ ಖರ್ಚು ಮಾಡಬೇಕಿಲ್ಲ.

ಇದನ್ನು ಕೇಳಬೇಕಾದವರು ಮಾತ್ರ ನೀವು. ಮೇಷ್ಟ್ರು ಕೇಳಿದರೆ ಸಮಜಾಯಿಷಿ ಅನ್ನಿಸಿಕೊಳ್ಳುತ್ತೆ, ಫೀಸು ಕಟ್ಟುವವರು ಕೇಳಿದರೆ ಪ್ರಶ್ನೆ. ಈ ರಜೆಗೆ ಊರಿಗೆ ಹೋಗಿ ಮಂಗಳೂರು, ಮೂಡುಬಿದಿರೆ, ಬೆಂಗಳೂರು ಅಂತ ಕಾಲೇಜು ಸುತ್ತುವಾಗ ಗೇಟಿನ ಮೇಲೆ ಶೇ. 100 ಅಂತ ಫ್ಲೆಕ್ಸ್ ಕಂಡರೆ ಕೌಂಟರಿನಲ್ಲಿ ಕೇಳಿ: ಪ್ರಥಮ ವರ್ಷಕ್ಕೆ ಸೇರಿದವರು ಎಷ್ಟು ಜನ? ದ್ವಿತೀಯ ವರ್ಷದ ಪರೀಕ್ಷೆಗೆ ಕೂತವರು ಎಷ್ಟು ಜನ? ನಡುವೆ ಕಾಣೆಯಾದವರು ಈಗ ಎಲ್ಲಿ ಓದ್ತಿದ್ದಾರೆ?